ಸ್ಯಾಕ್ಸೋಫೋನಿನಲ್ಲಿ ಮೆತ್ತನೆಯ, ಉಸಿರು ಬೆರೆತ ನಾದ: ರೀಡ್ ಆರಿಸಿ ಹದ ಮಾಡುವ ಕ್ರಮ

"ಎರಡೂವರೆ ನಂಬರ್ ರೀಡ್ ಹಾಕಿದೆ, ಬರೀ ಗಾಳಿ ಬರ್ತಿದೆ. ಎರಡಕ್ಕೆ ಇಳಿದೆ, ಕೀರಲು ಶುರುವಾಯ್ತು." ಮೆತ್ತಗೆ ಊದಲು ಹೊರಟವರು ಹೆಚ್ಚುಕಡಿಮೆ ಎಲ್ಲರೂ ಹೇಳುವುದು ಇದನ್ನೇ. (ರೀಡ್ ಅಂದರೆ ವಾದ್ಯದ ಮೌತ್‌ಪೀಸಿಗೆ, ಅಂದರೆ ಬಾಯಿಗಿಡುವ ತುಂಡಿಗೆ, ಕಟ್ಟುವ ತೆಳು ಪಟ್ಟಿ. ಜೊಂಡಿನ ಜಾತಿಯ ಬೆತ್ತದ್ದು. ಊದಿದಾಗ ಅದುರಿ ನಾದ ಹೊರಡಿಸುವುದು ಅದೇ.) ಆಮೇಲೆ ಇನ್ನೊಂದು ಕಂಪನಿಯ ರೀಡಿನ ಪೆಟ್ಟಿಗೆ ತರಿಸುತ್ತಾರೆ. ಸಾವಿರಗಟ್ಟಲೆ ರೂಪಾಯಿ ಹೋಗುತ್ತದೆ, ಫಲ ಮಾತ್ರ ಅಷ್ಟಕ್ಕಷ್ಟೆ.

ಎಡವುವುದು ಕೆಲಸದ ಕ್ರಮದಲ್ಲಿ. ಹೆಚ್ಚಿನವರು ಮೊದಲು ನಂಬರ್ ಬದಲಿಸುತ್ತಾರೆ, ಇಲ್ಲವೇ ರೀಡಿನ ತುದಿ ಕೆರೆಯುತ್ತಾರೆ. ಇವೆರಡೂ ಕೊನೆಗೆ ಮಾಡಬೇಕಾದ ಕೆಲಸ. ಮೊದಲು ವಾದ್ಯ ಸೋರುತ್ತಿದೆಯಾ ನೋಡಬೇಕು. ಆಮೇಲೆ ರೀಡಿನ ಬೆನ್ನು ಸಪಾಟಾಗಬೇಕು. ಆಮೇಲೆ ಎರಡೂ ಬದಿ ಸಮ ಆಗಬೇಕು. ತುದಿಯ ಸರದಿ ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಹೇಳಿರುವುದೆಲ್ಲ ಆಲ್ಟೋ ಮತ್ತು ಅದಕ್ಕಿಂತ ದೊಡ್ಡದಾದ ಟೆನರ್ ಸ್ಯಾಕ್ಸೋಫೋನಿಗೆ ಹೊಂದುತ್ತದೆ. ಗುರಿ ಏನು ಅಂತ ಗೊತ್ತಾಗಬೇಕಾದರೆ ಅಮೆರಿಕದ ಜಾಝ್ ವಾದಕ ಬೆನ್ ವೆಬ್‌ಸ್ಟರ್ ನಿಧಾನಗತಿಯಲ್ಲಿ ನುಡಿಸಿದ ಯಾವುದಾದರೂ ಟೆನರ್ ಧ್ವನಿಮುದ್ರಣ ಕೇಳಿ. ಸ್ವರ ಕರಗಿದ ಮೇಲೂ ಉಸಿರು ಒಂದು ಕ್ಷಣ ಉಳಿದಿರುತ್ತದೆ. ಇದನ್ನೇ ಸಬ್‌ಟೋನ್ ಅನ್ನುವುದು. ಮೈಕ್ ಇಲ್ಲದೆ ಉತ್ಸವದ ಮೆರವಣಿಗೆಯಲ್ಲೋ ಮದುವೆ ಮಂಟಪದಲ್ಲೋ ಊದುವವರಿಗೆ ಈ ಹದ ಬೇಡ. ಅಲ್ಲಿ ದೂರಕ್ಕೆ ಕೇಳಬೇಕು, ರೀಡ್ ಗಟ್ಟಿಯಾಗಿಯೇ ಇರಬೇಕು. ಎರಡೂ ಕೆಲಸಕ್ಕೆ ಒಂದೇ ರೀಡ್ ಸಾಕು ಅನ್ನುವ ಆಸೆ ಬಿಟ್ಟುಬಿಡಿ.

ಶುರು ಮಾಡುವ ಮುಂಚೆ: ಯಾವ ಗಾಳಿ ಬೇಕು, ಯಾವುದು ಬೇಡ

ಗಾಳಿ ಸದ್ದಿನಲ್ಲಿ ಎರಡು ಬಗೆ. ಒಂದರಲ್ಲಿ ಸ್ವರ ತುಂಬಿಕೊಂಡಿರುತ್ತದೆ, ಉಸಿರು ಅದರ ಅಂಚಿನಲ್ಲಿ ಕೇಳುತ್ತದೆ. ಇನ್ನೊಂದರಲ್ಲಿ ಸ್ವರ ಬಡವಾಗಿದ್ದು, ಅದರ ಮೇಲೆ "ಸುಯ್" ಅಂತ ಒಂದೇ ಸಮನೆ ಸದ್ದು. ಮೊದಲನೆಯದು ಬರುವುದು ತುಟಿಯಿಂದ. ಎರಡನೆಯದು ಬರುವುದು ಗಟ್ಟಿ ರೀಡಿನಿಂದ ಅಥವಾ ಸೋರುವ ರೀಡಿನಿಂದ.

ಗುರುತಿಸುವುದು ಸುಲಭ. ನಡು ಸ್ಥಾಯಿಯ ಜಿ ಸ್ವರವನ್ನು ಮಾಮೂಲಿ ಜೋರಿನಲ್ಲಿ, ಮಾಮೂಲಿ ತುಟಿ ಹಿಡಿತದಲ್ಲಿ ಉದ್ದಕ್ಕೆ ಊದಿ. ಅಲ್ಲೂ ಸುಯ್ ಅನ್ನುತ್ತಿದ್ದರೆ ಅದು ಸಬ್‌ಟೋನ್ ಅಲ್ಲ, ದೋಷ. ಹದವಾದ ರೀಡು ಮಾಮೂಲಿ ಜೋರಿನಲ್ಲಿ ಶುಭ್ರವಾಗಿ ನುಡಿಯುತ್ತದೆ, ತುಟಿ ಸಡಿಲ ಮಾಡಿದಾಗ ಮಾತ್ರ ಉಸಿರು ಬಿಡುತ್ತದೆ.

ಕಾರಣ ಹೀಗಿದೆ. ಜೋರಾಗಿ ಊದಿದಾಗ ರೀಡು ಮೌತ್‌ಪೀಸಿನ ತುದಿಗೆ ಬಡಿದು ಕಿಂಡಿಯನ್ನು ಪೂರ್ತಿ ಮುಚ್ಚಿ ತೆರೆಯುತ್ತದೆ. ಮೆಲ್ಲಗೆ ಊದಿದಾಗ ಕಿಂಡಿ ಪೂರ್ತಿ ಮುಚ್ಚುವುದಿಲ್ಲ, ಸ್ವಲ್ಪ ಗಾಳಿ ಸದಾ ಹರಿಯುತ್ತಿರುತ್ತದೆ. ಅದರ ಜೊತೆಗೆ ಕೆಳದುಟಿ ರೀಡಿನ ಮೇಲೆ ಮೆತ್ತೆಯಾಗಿ ಕೂತು, ಸ್ವರದೊಳಗೇ ಬೆರೆತಿರುವ ಚುರುಕು ಮೇಲ್ಸ್ವರಗಳನ್ನು ನುಂಗುತ್ತದೆ. ಹಾಗಾಗಿ ನಮಗೆ ಬೇಕಾದದ್ದು ತೀರಾ ಸಣ್ಣ ಗಾಳಿಗೂ ಅಲ್ಲಾಡುವ ರೀಡ್. ಜೋರಾಗಿ ಊದಿ ರೀಡ್ ಆರಿಸುವವರು ತಪ್ಪುವುದು ಇಲ್ಲೇ.

ಹಂತ 1: ವಾದ್ಯ ಸೋರುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ

ಸಬ್‌ಟೋನ್ ಚೆನ್ನಾಗಿ ಕೇಳುವುದು ಕೆಳಗಿನ ಡಿ, ಸಿ, ಬಿ, ಬಿ ಫ್ಲ್ಯಾಟ್ ಸ್ವರಗಳಲ್ಲಿ. ಆಗ ಹೆಚ್ಚುಕಡಿಮೆ ಎಲ್ಲ ಪ್ಯಾಡ್‌ಗಳೂ, ಅಂದರೆ ವಾದ್ಯದ ರಂಧ್ರಗಳ ಮೇಲೆ ಕೂರುವ ಮುಚ್ಚಳಗಳೂ, ಮುಚ್ಚಿರುತ್ತವೆ. ಮೇಲೆಲ್ಲೋ ಒಂದು ಪ್ಯಾಡ್ ಕೂದಲೆಳೆಯಷ್ಟು ತೆರೆದಿದ್ದರೂ ಮೆತ್ತಗೆ ಊದಿದಾಗ ಆ ಸ್ವರಗಳು ನಡುಗುತ್ತವೆ, ಇಲ್ಲವೇ ಒಂದು ಸ್ಥಾಯಿ ಮೇಲಕ್ಕೆ ಹಾರುತ್ತವೆ. ಜೋರಾಗಿ ಊದಿದರೆ ಅದೇ ಸೋರಿಕೆ ಗೊತ್ತೇ ಆಗುವುದಿಲ್ಲ. ಅದಕ್ಕೇ "ವಾದ್ಯ ಸರಿಯಾಗಿದೆ, ರೀಡೇ ಸರಿ ಇಲ್ಲ" ಅಂತ ಜನ ತಿಳಿದುಕೊಳ್ಳುತ್ತಾರೆ.

ಜಿಯಿಂದ ಒಂದೊಂದೇ ಸ್ವರ ಕೆಳಗಿಳಿಯಿರಿ, ಮೆಲ್ಲಗೆ. ಕೀಲಿಗಳನ್ನು ಹಿಂಡಿ ಹಿಡಿದರೆ ಮಾತ್ರ ಸ್ವರ ನಿಲ್ಲುತ್ತದೆ ಅನ್ನಿಸಿದರೆ ಸೋರಿಕೆ ಇದೆ. ಸಿಗರೇಟ್ ಸುತ್ತುವ ತೆಳು ಕಾಗದದ ಸಣ್ಣ ಪಟ್ಟಿಯನ್ನು ಪ್ಯಾಡಿನ ಕೆಳಗಿಟ್ಟು, ಕೀಲಿ ಮುಚ್ಚಿ, ಮೆಲ್ಲಗೆ ಎಳೆಯಿರಿ. ಸುತ್ತಲೂ ಒಂದೇ ರೀತಿ ಹಿಡಿಯಬೇಕು. ಮೊದಲು ಜಿ ಶಾರ್ಪ್ ಪ್ಯಾಡ್ ನೋಡಿ, ಬಹಳ ಸಲ ಕಳ್ಳ ಅಲ್ಲೇ ಸಿಗುತ್ತಾನೆ. ಆಮೇಲೆ ನೆಕ್, ಅಂದರೆ ಮೌತ್‌ಪೀಸ್ ಕೂರುವ ಬಾಗಿದ ಕೊಳವೆ. ಅದರ ಅಗಲದ ತುದಿಯನ್ನು ಅಂಗೈಯಿಂದ ಮುಚ್ಚಿ ಇನ್ನೊಂದು ತುದಿಯಿಂದ ಊದಿ ನೋಡಿ, ಅದರ ಮೇಲಿರುವ ಸಣ್ಣ ಆಕ್ಟೇವ್ ರಂಧ್ರದಿಂದ ಗಾಳಿ ಹೋಗಬಾರದು.

ಸೋರಿಕೆ ಸಿಕ್ಕಿದರೆ ರಿಪೇರಿಯವರ ಹತ್ತಿರ ಹೋಗಿ. ಅದು ಸರಿಯಾಗುವವರೆಗೆ ರೀಡಿಗೆ ಕೈ ಹಚ್ಚಬೇಡಿ.

ಹಂತ 2: ಸಾಮಾನು ಜೋಡಿಸಿಕೊಳ್ಳಿ

ಕನ್ನಡಿ ಅಂಗಡಿಯಲ್ಲಿ ಅಂಗೈ ಅಗಲದ ಗಾಜಿನ ತುಂಡು ಕೇಳಿ. 5 ಮಿಲಿಮೀಟರ್ ದಪ್ಪ ಸಾಕು, ಅಂಚು ಉಜ್ಜಿಸಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಿಂದ 600 ಮತ್ತು 1000 ನಂಬರಿನ ವಾಟರ್ ಪೇಪರ್ (ನುಣುಪು ಉಜ್ಜುಕಾಗದ), ತಲಾ ಒಂದು ಹಾಳೆ. ಐಸ್‌ಕ್ರೀಮ್ ಕಡ್ಡಿ ಒಂದೆರಡು. ಮೊನೆ ಚೂಪಾದ ಪೆನ್ಸಿಲ್. ಒಂದು ಲೋಟ ನೀರು, ಹತ್ತಿ ಬಟ್ಟೆ. ಸಿಕ್ಕಿದರೆ ಒಂದು ರೀಡ್ ಟ್ರಿಮ್ಮರ್, ಅಂದರೆ ತುದಿಯನ್ನು ಬಾಗಿದ ಆಕಾರದಲ್ಲೇ ಕತ್ತರಿಸುವ ಪುಟ್ಟ ಸಾಧನ. ಅದಿಲ್ಲದೆಯೂ ಮುಕ್ಕಾಲು ಕೆಲಸ ಆಗುತ್ತದೆ.

ಚಾಕು ಬೇಡ. ಕೈ ಪಳಗಿದವರು ರೀಡ್ ಚಾಕುವಿನಲ್ಲಿ ಅದ್ಭುತ ಮಾಡುತ್ತಾರೆ, ನಿಜ. ಹೊಸಬರ ಕೈಯಲ್ಲಿ ಅದು ಒಂದೇ ಎಳೆತಕ್ಕೆ ರೀಡ್ ಮುಗಿಸುತ್ತದೆ.

ಮುಂದೆ ಬರುವ ಹೆಸರುಗಳು ಇವು. ನಾಲಿಗೆ ತಾಗುವ ತೆಳು ಅಂಚು ತುದಿ. ಅದರ ಹಿಂದೆ ಮಧ್ಯದಲ್ಲಿರುವ ದಪ್ಪ ಭಾಗ ನಡು. ಅದರ ಎಡಬಲ ಬದಿಗಳು. ಹೊಳೆಯುವ ಸಿಪ್ಪೆ ಇರುವ ಹಿಂಭಾಗ ಬುಡ. ಮೌತ್‌ಪೀಸಿಗೆ ಅಂಟಿ ಕೂರುವ ಸಪಾಟು ಮೈ ಬೆನ್ನು.

ಹಂತ 3: ನಂಬರ್ ಆರಿಸುವುದು

ಪೆಟ್ಟಿಗೆಯ ಮೇಲಿನ 2, 2.5, 3 ಅನ್ನುವುದು ಬೆತ್ತ ಎಷ್ಟು ಬಿಗಿ ಅನ್ನುವ ಲೆಕ್ಕ. ದಪ್ಪದ ಲೆಕ್ಕ ಅಲ್ಲ. ಒಂದೇ ಮಾದರಿಯ ರೀಡುಗಳನ್ನು ಒಂದೇ ಆಕಾರಕ್ಕೆ ಕೊಯ್ದು, ಆಮೇಲೆ ಬಿಗಿ ಅಳೆದು ವಿಂಗಡಿಸುತ್ತಾರೆ. ಒಂದು ಕಂಪನಿಯ 2.5 ಇನ್ನೊಂದರ 2.5ಕ್ಕೆ ಸಮ ಅಲ್ಲ. ಅಷ್ಟೇ ಯಾಕೆ, ವ್ಯಾಂಡೊರೆನ್ ಕಂಪನಿಯ ಜಾವಾ 2.5 ಅದೇ ಕಂಪನಿಯ ಟ್ರೆಡಿಷನಲ್ 2.5ಕ್ಕಿಂತ ಮೆತ್ತಗೆ. ಡಿ'ಅಡ್ಡಾರಿಯೊದ ಸೆಲೆಕ್ಟ್ ಜಾಝ್‌ನಲ್ಲಿ ಒಂದೊಂದು ನಂಬರಿನೊಳಗೇ ಸಾಫ್ಟ್, ಮೀಡಿಯಂ, ಹಾರ್ಡ್ ಅಂತ ಮೂರು ಮೆಟ್ಟಿಲು.

ಮೌತ್‌ಪೀಸಿನ ಟಿಪ್ ಓಪನಿಂಗ್, ಅಂದರೆ ಅದರ ತುದಿಗೂ ರೀಡಿನ ತುದಿಗೂ ನಡುವಿನ ಕಿಂಡಿ, ನೋಡದೆ ನಂಬರ್ ಹೇಳುವವರ ಮಾತು ಕೇಳಬೇಡಿ. ಕಿಂಡಿ ಅಗಲ ಇದ್ದಷ್ಟೂ ರೀಡ್ ಹೆಚ್ಚು ದೂರ ಬಾಗಬೇಕು, ಹಾಗಾಗಿ ಮೆತ್ತನೆಯ ರೀಡ್ ಬೇಕು. ಕಿರಿದಾಗಿದ್ದರೆ ಸ್ವಲ್ಪ ಗಟ್ಟಿಯೇ ಇರಲಿ. ಆಲ್ಟೋದಲ್ಲಿ ಮೆತ್ತನೆಯ ನಾದಕ್ಕೆ ಹೆಸರಾದ ಪಾಲ್ ಡೆಸ್ಮಂಡ್ ಬಳಸುತ್ತಿದ್ದದ್ದು ಮೂರೂವರೆ ನಂಬರಿನ ರಿಕೊ ರೀಡ್, ಆದರೆ ಕಿರಿದಾದ ಗ್ರೆಗರಿ ಮೌತ್‌ಪೀಸಿನ ಮೇಲೆ. ಆ ಮೂರೂವರೆಯನ್ನು ಅಗಲ ಬಾಯಿಯ ಮೌತ್‌ಪೀಸಿಗೆ ಹಾಕಿದರೆ ಬರೀ ಗಾಳಿ.

ಶುರುವಿಗೆ ಒಂದು ಅಂದಾಜು ಕೊಡುತ್ತೇನೆ. ಆಲ್ಟೋದಲ್ಲಿ ಸೆಲ್ಮರ್ ಎಸ್80 ಸಿ ಸ್ಟಾರ್ ತರಹದ, ಸುಮಾರು 1.7 ಮಿಲಿಮೀಟರ್ ಕಿಂಡಿಗೆ 2.5 ಅಥವಾ 3. ಕಿಂಡಿ 2 ಮಿಲಿಮೀಟರ್ ದಾಟಿದರೆ 2 ಅಥವಾ 2.5. ಟೆನರ್‌ನಲ್ಲಿ 2 ಮಿಲಿಮೀಟರ್ ಆಸುಪಾಸಿಗೆ 2.5 ಅಥವಾ 3. ಆಟೊ ಲಿಂಕ್ 7ರಂತೆ ಎರಡೂವರೆ ಮಿಲಿಮೀಟರ್ ಸುತ್ತಮುತ್ತ ಇದ್ದರೆ 2 ಅಥವಾ 2.5. ಅನುಮಾನ ಬಂದರೆ ಎರಡರಲ್ಲಿ ಕಡಿಮೆಯದಕ್ಕಿಂತ ಜಾಸ್ತಿಯದನ್ನೇ ತಗೊಳ್ಳಿ. ಗಟ್ಟಿಯನ್ನು ಉಜ್ಜಿ ಇಳಿಸಬಹುದು, ಮೆತ್ತನೆಯದನ್ನು ಏರಿಸುವುದು ಕಷ್ಟ.

ಕೊಯ್ತದಲ್ಲೂ ಎರಡು ಬಗೆ ನೋಡುತ್ತೀರಿ. ಸಿಪ್ಪೆ ಮುಗಿಯುವಲ್ಲಿ ಅಡ್ಡಕ್ಕೆ ನೇರ ಗೆರೆ ತೆಗೆದಿದ್ದರೆ ಅದು ಫೈಲ್ಡ್. ಗೆರೆ ಇಲ್ಲದೆ ಸಿಪ್ಪೆ ಅರ್ಧಚಂದ್ರದ ಹಾಗೆ ಬಾಗಿ ಮುಗಿದಿದ್ದರೆ ಅನ್‌ಫೈಲ್ಡ್. ಮೆತ್ತಗೆ ಊದುವವರಿಗೆ ನನ್ನ ಆಯ್ಕೆ ಫೈಲ್ಡ್, ಕೆಳಗಿನ ಸ್ವರಗಳು ಬೇಗ ಬಾಯಿ ಬಿಡುತ್ತವೆ.

ಪ್ಲಾಸ್ಟಿಕ್ ರೀಡ್ ಬಗ್ಗೆ ಒಂದು ಮಾತು. ಲೆಜೇರ್‌ನಂಥವು ಕಾಲು ಕಾಲು ನಂಬರಿನಲ್ಲಿ ಸಿಗುತ್ತವೆ, ಮಳೆಗೂ ಬಿಸಿಲಿಗೂ ಜಗ್ಗುವುದಿಲ್ಲ. ಆದರೆ ಅದರ ಉಸಿರಿನಲ್ಲಿ ಬೆತ್ತದ ಬೆಚ್ಚಗಿನ ಗುಣ ಕಮ್ಮಿ ಅಂತ ನನಗನ್ನಿಸುತ್ತದೆ. ಮುಂದೆ ಹೇಳುವ ಉಜ್ಜುವ ಕೆಲಸವನ್ನು ಅದರ ಮೇಲೆ ಮಾಡಲೇಬೇಡಿ.

ಹಂತ 4: ಬೆಳಕಿಗೆ ಹಿಡಿದು ನೋಡುವುದು

ರೀಡನ್ನು ಕಿಟಕಿ ಬೆಳಕಿಗೋ ಬಲ್ಬಿಗೋ ಎದುರಾಗಿ ಹಿಡಿಯಿರಿ. ನಡು ಭಾಗ ಕಪ್ಪು ನೆರಳಾಗಿ, ತುದಿಯ ಕಡೆ ಮೊನಚಾಗುತ್ತಾ ಹೋಗುವ ಕಮಾನಿನಂತೆ ಕಾಣುತ್ತದೆ. ಆ ಕಮಾನಿನ ತಲೆ ಸರಿಯಾಗಿ ಮಧ್ಯದಲ್ಲಿರಬೇಕು. ಒಂದು ಕಡೆಗೆ ವಾಲಿದ್ದರೆ ಆ ಬದಿ ಗಟ್ಟಿ. ಕೂಡಲೇ ಎಸೆಯಬೇಡಿ, 9ನೇ ಹಂತದಲ್ಲಿ ಸರಿ ಮಾಡಬಹುದು. ಹಿಂದೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಡಿ, ಅಷ್ಟೆ.

ನಾರುಗಳು ಬುಡದಿಂದ ತುದಿಗೆ ನೇರವಾಗಿ ಹರಿದಿರಲಿ. ಸಿಪ್ಪೆಯ ಬಣ್ಣ ಬಂಗಾರದ ಹಳದಿ ಇದ್ದರೆ ಒಳ್ಳೆಯದು, ಕಂದು ಚುಕ್ಕೆಗಳಿದ್ದರೆ ಚಿಂತೆಯಿಲ್ಲ. ಹಸಿರು ಛಾಯೆ ಇದ್ದರೆ ಬೆತ್ತ ಪೂರ್ತಿ ಒಣಗಿ ಮಾಗಿಲ್ಲ. ಅಂಥದ್ದನ್ನು ಕೆಲವು ತಿಂಗಳು ಪಕ್ಕಕ್ಕಿಡಿ. ತುದಿಯಲ್ಲಿ ಸೀಳಿದ್ದರೆ ಮಾತ್ರ ಅಂಗಡಿಗೆ ವಾಪಸ್.

ಹಂತ 5: ನೆನೆಸಿ ಪಳಗಿಸುವುದು

ಹೊಸ ರೀಡನ್ನು ಪೊಟ್ಟಣದಿಂದ ತೆಗೆದ ದಿನವೇ ಉಜ್ಜಲು ಹೋಗಬೇಡಿ. ಬೆತ್ತ ನೀರು ಕುಡಿದು, ಒಣಗಿ, ಮತ್ತೆ ಕುಡಿದು ಒಂದು ಸ್ಥಿತಿಗೆ ಬರುವವರೆಗೆ ಅದರ ಆಕಾರ ಬದಲಾಗುತ್ತಲೇ ಇರುತ್ತದೆ. ಮೊದಲ ದಿನ ಗಟ್ಟಿ ಅನ್ನಿಸಿದ್ದು ನಾಲ್ಕನೇ ದಿನ ಸರಿಹೋಗಬಹುದು. ಮೊದಲ ದಿನವೇ ಉಜ್ಜಿದರೆ ಅದೇ ರೀಡ್ ವಾರದೊಳಗೆ ಕೈಗೆ ಬಾರದಷ್ಟು ಮೆತ್ತಗಾಗುತ್ತದೆ. ಹಾಳಾಗುವ ರೀಡುಗಳಲ್ಲಿ ದೊಡ್ಡ ಪಾಲು ಈ ಅವಸರದ್ದು.

ಉಗುರು ಬೆಚ್ಚಗಿನ ನೀರಿನಲ್ಲಿ ಒಂದೆರಡು ನಿಮಿಷ ನೆನೆಸಿ. ತುದಿ ಅಲೆಅಲೆಯಾಗಿ ಎದ್ದರೆ ಗಾಬರಿ ಬೇಡ, ಬೆನ್ನಿನ ಕಡೆಯಿಂದ ಗಾಜಿಗೆ ಒತ್ತಿಟ್ಟರೆ ಸಮವಾಗುತ್ತದೆ. ಮೊದಲ ದಿನ ಐದು ನಿಮಿಷ, ನಡು ಸ್ಥಾಯಿಯಲ್ಲಿ ಮಾತ್ರ, ಮಾಮೂಲಿ ಜೋರಿನಲ್ಲಿ ಊದಿ. ತೆಗೆದು, ಒರೆಸಿ, ಗಾಜಿನ ಮೇಲೆ ಬೆನ್ನು ಕೆಳಗೆ ಮಾಡಿ ಒಣಗಲು ಬಿಡಿ. ಎರಡನೇ ದಿನ ಹತ್ತು ನಿಮಿಷ. ಹೀಗೆ ನಾಲ್ಕೈದು ದಿನ ಏರಿಸಿ. ಒಟ್ಟಿಗೆ ನಾಲ್ಕು ರೀಡುಗಳನ್ನು ಪಳಗಿಸಿದರೆ ಹೋಲಿಸಲು ಅನುಕೂಲ. ಸಿಪ್ಪೆಯ ಮೇಲೆ ತಾರೀಕು ಮತ್ತು ಒಂದು ಅಂಕಿ ಬರೆಯಿರಿ.

ಊದುವ ಮುಂಚೆ ಬಾಯಿ ಮುಕ್ಕಳಿಸಿ. ಸಕ್ಕರೆ ಹಾಕಿದ ಕಾಫಿ ಕುಡಿದೋ ಎಲೆ ಅಡಿಕೆ ಹಾಕಿಕೊಂಡೋ ಊದಿದರೆ ಅದೆಲ್ಲ ಬೆತ್ತದ ಸಣ್ಣ ರಂಧ್ರಗಳಲ್ಲಿ ಕೂರುತ್ತದೆ.

ಹಂತ 6: ಬೆನ್ನು ಸಪಾಟು ಮಾಡುವುದು

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹಂತ ಇದು, ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ.

ಪಳಗಿಸುವಾಗ ಬೆತ್ತ ಉಬ್ಬಿ ಬೆನ್ನು ಸೊಟ್ಟಗಾಗುತ್ತದೆ. ರೀಡನ್ನು ಗಾಜಿನ ಮೇಲೆ ಬೆನ್ನು ಕೆಳಗಾಗಿ ಇಟ್ಟು, ಬುಡದ ಎರಡು ಅಂಚನ್ನು ಬೆರಳಿನಿಂದ ಒಂದೊಂದಾಗಿ ಒತ್ತಿ. ಒಂದು ಕಾಲು ಗಿಡ್ಡ ಇರುವ ಮಣೆಯ ಹಾಗೆ ಅಲ್ಲಾಡಿದರೆ ಬೆನ್ನು ಉಬ್ಬಿದೆ. ಅಂಥ ರೀಡ್ ಮೌತ್‌ಪೀಸಿನ ಮೇಲೆ ಅಂಟಿ ಕೂರುವುದಿಲ್ಲ, ಪಕ್ಕದಿಂದ ಗಾಳಿ ಸೋರುತ್ತದೆ. ಆಗ ಬರುವ ಸುಯ್ ಸದ್ದನ್ನು ಕೇಳಿ "ರೀಡ್ ಗಟ್ಟಿ" ಅಂತ ತಪ್ಪು ತಿಳಿದು ತುದಿ ಕೆರೆಯುತ್ತಾರೆ.

ಸರಿ ಮಾಡುವುದು ಹೀಗೆ. ರೀಡ್ ಹೊರಮೈ ಒಣಗಿರಲಿ, ಊದಿ ಅರ್ಧ ಗಂಟೆ ಆಗಿರಲಿ. ಬೆನ್ನಿನ ಮೇಲೆ ಪೆನ್ಸಿಲಿನಿಂದ ಅಡ್ಡ ಗೆರೆಗಳನ್ನು ಎಳೆಯಿರಿ, ಬುಡದಿಂದ ಮುಕ್ಕಾಲು ಭಾಗದವರೆಗೆ. ಗಾಜಿನ ಮೇಲೆ 600 ವಾಟರ್ ಪೇಪರನ್ನು ಒರಟು ಮೈ ಮೇಲಾಗಿ ಹಾಸಿ. ರೀಡಿನ ಸಿಪ್ಪೆಯ ಭಾಗದ ಮೇಲೆ ಎರಡು ಬೆರಳಿಟ್ಟು, ಉದ್ದಕ್ಕೆ, ಬುಡದ ದಿಕ್ಕಿಗೆ ಎಳೆಯಿರಿ. ಹತ್ತು ಸಲ ಎಳೆದು ತಿರುಗಿಸಿ ನೋಡಿ. ಗೆರೆ ಅಳಿಸಿದ ಜಾಗ ಉಬ್ಬಿದ ಜಾಗ, ಗೆರೆ ಉಳಿದದ್ದು ತಗ್ಗು. ಸಾಮಾನ್ಯವಾಗಿ ಮಧ್ಯದಲ್ಲಿ ಒಂದು ಪಟ್ಟೆ ಅಳಿಸಿ, ಎರಡು ಅಂಚಿನಲ್ಲಿ ಗೆರೆ ಹಾಗೇ ಇರುತ್ತದೆ. ಎಲ್ಲ ಗೆರೆಯೂ ಸಮನಾಗಿ ಮಾಸುವವರೆಗೆ ಮುಂದುವರಿಸಿ.

ತುದಿಯ ಮೇಲೆ ಬೆರಳು ಒತ್ತಲೇಬಾರದು. ಅಲ್ಲಿ ಬೆತ್ತದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಎರಡು ಸಲ ಒತ್ತಿ ಎಳೆದರೆ ಹೋಯ್ತು. ಕೊನೆಗೆ ಬಿಳಿ ಪ್ರಿಂಟಿಂಗ್ ಹಾಳೆಯ ಮೇಲೆ ಇಪ್ಪತ್ತು ಸಲ ಉಜ್ಜಿದರೆ ಬೆನ್ನು ನುಣುಪಾಗಿ ಹೊಳೆಯುತ್ತದೆ. ಪುಡಿಯನ್ನು ತೊಳೆದು ತೆಗೆಯಿರಿ, ಅದು ಬಾಯಿಗೆ ಹೋಗಬಾರದು.

ಪರೀಕ್ಷೆ: ನೆನೆದ ರೀಡನ್ನು ಮೌತ್‌ಪೀಸಿಗೆ ಕಟ್ಟಿ, ಹಿಂದಿನ ರಂಧ್ರವನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ, ಬಾಯಿಂದ ಗಾಳಿ ಹೀರಿ ಬಿಡಿ. ರೀಡ್ ಅಂಟಿಕೊಂಡು ಒಂದೆರಡು ಸೆಕೆಂಡ್ ನಿಂತು "ಟಪ್" ಅಂತ ಬಿಡಬೇಕು. ತುಂಬಾ ಗಟ್ಟಿ ರೀಡ್ ಅಗಲ ಕಿಂಡಿಯ ಮೇಲೆ ಇದ್ದರೆ ಸಪಾಟಾಗಿದ್ದರೂ ಟಪ್ ಬರದೇ ಇರಬಹುದು, ಅದನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಆದರೆ ಸಪಾಟು ಮಾಡಿದ ಮೆತ್ತನೆಯ ರೀಡುಗಳು ಒಂದಾದ ಮೇಲೊಂದು ಸೋತರೆ ಮೌತ್‌ಪೀಸಿನ ಮೈಯೇ ಸೊಟ್ಟಗಿದೆ. ಅದು ಮನೆಯಲ್ಲಿ ಮಾಡುವ ರಿಪೇರಿ ಅಲ್ಲ.

ಹಂತ 7: ಕೂರಿಸುವ ಜಾಗ

ಉಜ್ಜದೇ ರೀಡಿನ ಬಿಗಿ ಬದಲಿಸುವ ದಾರಿ ಇದು. ಕಣ್ಣಿಗೆ ನೇರ ಹಿಡಿದು, ಬೆರಳಿನಿಂದ ರೀಡನ್ನು ಒತ್ತಿ ಮುಚ್ಚಿದಾಗ ಮೌತ್‌ಪೀಸಿನ ಕಪ್ಪು ಅಂಚು ಕೂದಲೆಳೆಯಷ್ಟು ಕಾಣಬೇಕು. ರೀಡನ್ನು ಆ ಅಂಚಿನ ಮಟ್ಟಕ್ಕೆ ಮೇಲೆ ಸರಿಸಿದರೆ ಗಟ್ಟಿಯಾಗುತ್ತದೆ. ಸ್ವಲ್ಪ ಕೆಳಗೆ ಇಳಿಸಿದರೆ ಮೆತ್ತಗಾಗುತ್ತದೆ. ಎಡಬಲ ಸಮ ಇರಲಿ. ಲಿಗೇಚರನ್ನು, ಅಂದರೆ ರೀಡನ್ನು ಮೌತ್‌ಪೀಸಿಗೆ ಕಟ್ಟಿ ಹಿಡಿಯುವ ಪಟ್ಟಿಯನ್ನು, ರೀಡ್ ಅಲ್ಲಾಡದಷ್ಟು ಬಿಗಿ ಮಾಡಿದರೆ ಸಾಕು. ದುಬಾರಿ ಲಿಗೇಚರ್ ಹಾಕಿದರೆ ಉಸಿರು ಬರುತ್ತದೆ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ.

ಹಂತ 8: ಮೆಲ್ಲಗೆ ಊದಿ ಪರೀಕ್ಷೆ

ಈಗ ಪಳಗಿದ ರೀಡುಗಳನ್ನು ಒಂದೊಂದಾಗಿ ಊದಿ. ಕೆಳಗಿನ ಡಿ ಸ್ವರ ಹಿಡಿದು, ನಾಲಿಗೆ ಬಳಸದೆ, "ಹಾ" ಅನ್ನುವ ಬರೀ ಉಸಿರಿನಿಂದ ಶುರು ಮಾಡಿ. ಎಷ್ಟು ಕಡಿಮೆ ಗಾಳಿಗೆ ಸ್ವರ ಎದ್ದು ಬರುತ್ತದೆ ನೋಡಿ. ಬೇಗ ಬಂದದ್ದು ನಿಮ್ಮ ರೀಡ್. ಆಮೇಲೆ ಅದೇ ರೀತಿ ಬಿ ಫ್ಲ್ಯಾಟ್. ಕೊನೆಗೆ ಮೇಲಿನ ಪಾಮ್ ಕೀ ಸ್ವರಗಳು, ಅಂದರೆ ಅಂಗೈ ತಾಗಿಸಿ ಒತ್ತುವ ಕೀಲಿಗಳ ಎತ್ತರದ ಸ್ವರಗಳು.

ಗಟ್ಟಿ ಇದ್ದರೆ: ಕೆಳಗಿನ ಸ್ವರ ನಾಲಿಗೆ ಹೊಡೆಯದೆ ಏಳುವುದಿಲ್ಲ, ಸುಯ್ ಸದ್ದು ಎಲ್ಲ ಸ್ಥಾಯಿಯಲ್ಲೂ, ಹತ್ತು ನಿಮಿಷಕ್ಕೆ ತುಟಿ ಸುಸ್ತು. ಮೆತ್ತಗಿದ್ದರೆ: ಜೋರು ಮಾಡಿದ ಕೂಡಲೇ ರೀಡ್ ಮುಚ್ಚಿಕೊಂಡು ಸ್ವರ ನಿಲ್ಲುತ್ತದೆ, ಪಾಮ್ ಕೀ ಸ್ವರಗಳು ಶ್ರುತಿಯಿಂದ ಕೆಳಗೆ ಜಾರುತ್ತವೆ, ನಾದ ಗುಂಯ್‌ಗುಡುತ್ತದೆ. ಆಗಾಗ ಕೀರಿದರೆ ಸಾಮಾನ್ಯವಾಗಿ ಬದಿಗಳು ಸಮ ಇಲ್ಲ. ಈ ಮೂರನ್ನು ಬೇರೆ ಬೇರೆಯಾಗಿ ಗುರುತಿಸದೆ ಮುಂದೆ ಹೋಗಬೇಡಿ, ಮೂರಕ್ಕೂ ಮದ್ದು ಬೇರೆ.

ಹಂತ 9: ಎರಡು ಬದಿ ಸಮ ಮಾಡುವುದು

ವಾದ್ಯವನ್ನು ಮಾಮೂಲಿಯಂತೆ ಹಿಡಿದು, ಮೌತ್‌ಪೀಸನ್ನು ಮಾತ್ರ ನೆಕ್ಕಿನ ತುದಿಯ ಕಾರ್ಕಿನ ಮೇಲೆ ಸ್ವಲ್ಪ ಒಂದು ಕಡೆಗೆ ತಿರುಗಿಸಿ. ಆಗ ರೀಡಿನ ಒಂದು ಬದಿ ತುಟಿಯ ಮೇಲೆ ಒತ್ತಿ ಕೂರುತ್ತದೆ, ಇನ್ನೊಂದು ಬದಿ ಬಿಡುವಾಗುತ್ತದೆ. ಯಾವ ಕೀಲಿಯೂ ಒತ್ತದೆ ಸಿ ಶಾರ್ಪ್ ಊದಿ. ಈಗ ಇನ್ನೊಂದು ಕಡೆಗೆ ಅಷ್ಟೇ ತಿರುಗಿಸಿ ಊದಿ. ಒಂದು ಕಡೆ ಸಲೀಸಾಗಿ, ಇನ್ನೊಂದು ಕಡೆ ಮಂಕಾಗಿ ಬರುತ್ತದೆ. ಮಂಕಾಗಿ ಬಂದಾಗ ಯಾವ ಬದಿ ಬಿಡುವಾಗಿತ್ತೋ ಆ ಬದಿ ಗಟ್ಟಿ.

ಇಲ್ಲೇ ಎಡಬಲ ಗೊಂದಲವಾಗುವುದು. ರೀಡ್ ಮೌತ್‌ಪೀಸಿನಲ್ಲಿರುವಾಗಲೇ ಗಟ್ಟಿ ಬದಿಯ ಸಿಪ್ಪೆಯ ಮೇಲೆ ಪೆನ್ಸಿಲ್ ಚುಕ್ಕೆ ಇಟ್ಟುಬಿಡಿ. ತೆಗೆದು ತಿರುಗಿಸಿದ ಮೇಲೆ ನೆನಪಿನಿಂದ ಹೇಳಲು ಹೋದರೆ ಸರಿ ಇರುವ ಬದಿಯನ್ನೇ ಉಜ್ಜಿಬಿಡುತ್ತೀರಿ.

ಐಸ್‌ಕ್ರೀಮ್ ಕಡ್ಡಿಗೆ 600 ಪೇಪರನ್ನು ಸುತ್ತಿ. ರೀಡನ್ನು ಗಾಜಿನ ಮೇಲೆ ಬೆನ್ನು ಕೆಳಗಾಗಿ ಇಡಿ, ತುದಿ ಗಾಜಿನಿಂದ ಹೊರಗೆ ಚಾಚಬಾರದು. ಚುಕ್ಕೆ ಇರುವ ಬದಿಯಲ್ಲಿ, ತುದಿಯಿಂದ ಮೂರು ನಾಲ್ಕು ಮಿಲಿಮೀಟರ್ ಹಿಂದೆ ನಿಲ್ಲುವಂತೆ, ಬುಡದ ಕಡೆಯಿಂದ ತುದಿಯ ಕಡೆಗೆ ಹಗುರವಾಗಿ ಎಳೆಯಿರಿ. ಮೂರು ನಾಲ್ಕು ಎಳೆತ ಸಾಕು. ಹಿಂದೆ ಮುಂದೆ ಉಜ್ಜಬೇಡಿ, ಹಿಂದಕ್ಕೆ ಬರುವಾಗ ಪೇಪರ್ ನಾರನ್ನು ಎಬ್ಬಿಸುತ್ತದೆ. ನಡುವಿನ ದಪ್ಪ ಭಾಗ ಮುಟ್ಟಬೇಡಿ. ಸ್ವರಕ್ಕೆ ಮೈಕಟ್ಟು ಕೊಡುವುದು ಅದೇ, ಅದು ಹೋದರೆ ಉಳಿಯುವುದು ಬರೀ ಗಾಳಿ.

ಕಟ್ಟಿ, ಊದಿ, ಹೋಲಿಸಿ. ವ್ಯತ್ಯಾಸ ಕಾಣದಿದ್ದರೆ ಇನ್ನೆರಡು ಎಳೆತ. ಎರಡೂ ಕಡೆ ಒಂದೇ ರೀತಿ ಬಂದ ಕೂಡಲೇ ಕೈ ಬಿಡಿ. "ಇನ್ನೊಂದು ಸ್ವಲ್ಪ ಮಾಡೋಣ" ಅನ್ನಿಸುತ್ತದೆ, ಅಲ್ವಾ? ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ, ಮಾರನೇ ದಿನ ಮತ್ತೆ ಊದಿ ನೋಡಿ. ಒದ್ದೆ ರೀಡ್ ಒಣಗಿದ ಮೇಲೆ ಇನ್ನೊಂದು ಕಥೆ ಹೇಳುತ್ತದೆ.

ಹಂತ 10: ಇನ್ನೂ ಗಟ್ಟಿ, ಅಥವಾ ತೀರಾ ಮೆತ್ತಗೆ

ಬದಿ ಸಮ ಆದ ಮೇಲೂ ಒಟ್ಟಾರೆ ಗಟ್ಟಿ ಅನ್ನಿಸಿದರೆ ಎಲ್ಲಿ ತಡವರಿಸುತ್ತದೆ ನೋಡಿ. ಕೆಳಗಿನ ಸ್ವರ ಮಾತ್ರ ಏಳುತ್ತಿಲ್ಲ ಅಂದರೆ ಸಿಪ್ಪೆಯ ಹತ್ತಿರ, ಎರಡೂ ಬದಿಯಲ್ಲಿ ಸಮನಾಗಿ, ಐದಾರು ಎಳೆತ. ಎಲ್ಲ ಸ್ವರವೂ ತಡವಾಗಿ, ಮೊದಲು ಗಾಳಿ ಆಮೇಲೆ ನಾದ ಅಂತ ಬರುತ್ತಿದ್ದರೆ ಮಾತ್ರ ತುದಿಯ ಹತ್ತಿರ ಹೋಗಿ. ಅಲ್ಲಿ 1000 ಪೇಪರ್, ಒಂದೊಂದು ಮೂಲೆಗೂ ಎರಡೆರಡು ಎಳೆತ, ಬೆರಳ ಭಾರವೂ ಬೀಳದಂತೆ.

ಮೆತ್ತಗಿದ್ದರೆ ಮೊದಲು 7ನೇ ಹಂತಕ್ಕೆ ಹೋಗಿ ರೀಡನ್ನು ಮೇಲೆ ಸರಿಸಿ ನೋಡಿ. ಸಾಲದಿದ್ದರೆ ಟ್ರಿಮ್ಮರ್. ಕಣ್ಣಿಗೆ ಕಂಡೂ ಕಾಣದಷ್ಟು ಮಾತ್ರ ಕತ್ತರಿಸಿ. ತುದಿ ಕತ್ತರಿಸಿದಾಗ ಅದರ ಹಿಂದಿನ ದಪ್ಪ ಭಾಗವೇ ಹೊಸ ತುದಿಯಾಗುತ್ತದೆ. ಒಂದೇ ಸಲ ಜಾಸ್ತಿ ಕತ್ತರಿಸಿದರೆ ಮೆತ್ತಗಿದ್ದದ್ದು ಹಲಗೆಯಾಗುತ್ತದೆ. ಕತ್ತರಿಸಿದ ಮೇಲೆ ಎರಡು ಮೂಲೆ ಮೌತ್‌ಪೀಸಿನ ಬಾಗಿಗೆ ಹೊಂದುತ್ತಿವೆಯಾ ನೋಡಿ, ಚಾಚಿದ್ದರೆ 1000 ಪೇಪರಿನಲ್ಲಿ ಸವರಿ. ಉಗುರು ಕತ್ತರಿಸುವ ಕಟ್ಟರಿನಲ್ಲಿ ಈ ಕೆಲಸ ಮಾಡುವವರಿದ್ದಾರೆ. ನಾರು ಸೀಳಿ ಆ ರೀಡ್ ಮುಂದೆ ಕೀರುತ್ತಲೇ ಇರುತ್ತದೆ.

ಹಂತ 11: ತುಟಿ

ರೀಡ್ ಹದವಾಯಿತು. ಉಸಿರನ್ನು ಹೊರಗೆ ತರಬೇಕಾದದ್ದು ನೀವೇ. ಕೆಳಗಿನ ಸಿ ಅಥವಾ ಡಿ ಹಿಡಿದು, ಮಾಮೂಲಿ ಊದುತ್ತಾ, ಕೆಳದವಡೆಯನ್ನು ನಿಧಾನಕ್ಕೆ ಕೆಳಗೆ ಮತ್ತು ಸ್ವಲ್ಪ ಹಿಂದಕ್ಕೆ ಬಿಡಿ. ಕೆಳದುಟಿ ತುಸು ಹೊರಗೆ ಹೊರಳಿ, ತುದಿಗೆ ಹತ್ತಿರವಾಗಿ, ದಪ್ಪಗೆ ಕೂರಲಿ. ಬಾಯಿಯ ಮೂಲೆಗಳು ಮಾತ್ರ ಬಿಗಿಯಾಗಿರಲಿ, ಇಲ್ಲದಿದ್ದರೆ ಪಕ್ಕದಿಂದ ಗಾಳಿ ಹೋಗುತ್ತದೆ. ಒಂದು ಹಂತದಲ್ಲಿ ನಾದದ ಚುರುಕು ಅಂಚು ಮಾಯವಾಗಿ ಉಸಿರು ಕೇಳಿಸುತ್ತದೆ. ಅಲ್ಲಿ ನಿಲ್ಲಿ, ಅದೇ ಸ್ಥಿತಿಯಲ್ಲಿ ಉದ್ದಕ್ಕೆ ಊದಿ.

ಗಂಟಲು ತೆರೆದಿರಲಿ. ಚಳಿಗೆ ಕೈಗೆ ಊದಿಕೊಳ್ಳುವಾಗ ಬಿಡುವ ಬಿಸಿ ಉಸಿರು ಬೇಕು, ಕಾಫಿ ಆರಿಸುವ ಊದುವಿಕೆ ಅಲ್ಲ. ಮೆತ್ತಗೆ ಅಂದರೆ ಗಾಳಿ ಕಮ್ಮಿ ಅಂತ ತಿಳಿದು ಹೊಟ್ಟೆಯ ಆಸರೆ ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಆಸರೆ ಬಿಟ್ಟರೆ ಸ್ವರ ಅಲುಗುತ್ತದೆ.

ದವಡೆ ಇಳಿದರೆ ಶ್ರುತಿಯೂ ಇಳಿಯುತ್ತದೆ. ತಂಬೂರ ಆ್ಯಪ್‌ ಅಥವಾ ಟ್ಯೂನರ್ ಹಾಕಿಕೊಂಡು, ಸಬ್‌ಟೋನಿನಲ್ಲಿ ಊದುತ್ತಲೇ ನೋಡಿ, ಬೇಕಾದರೆ ಮೌತ್‌ಪೀಸನ್ನು ಕಾರ್ಕಿನ ಮೇಲೆ ಇನ್ನಷ್ಟು ಒಳಗೆ ತಳ್ಳಿ. ಮೇಲಿನ ಸ್ಥಾಯಿಗೆ ಹೋದಂತೆ ಈ ಹಿಡಿತ ಕಷ್ಟ. ನಡು ಜಿವರೆಗೆ ಗಟ್ಟಿ ಮಾಡಿಕೊಂಡು ಆಮೇಲೆ ಮೇಲೇರಿ.

ಹಂತ 12: ಇಡುವುದು, ಎಸೆಯುವುದು

ಹದ ಮಾಡಿದ ರೀಡನ್ನು ಮೌತ್‌ಪೀಸಿನಲ್ಲೇ ಬಿಟ್ಟು ಪೆಟ್ಟಿಗೆ ಮುಚ್ಚಿದರೆ ಇಷ್ಟು ಹೊತ್ತಿನ ಕೆಲಸ ನೀರುಪಾಲು. ತೆಗೆದು, ಒರೆಸಿ, ಸಪಾಟು ತಳ ಇರುವ ರೀಡ್ ಕೇಸಿನಲ್ಲಿಡಿ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಕೇಸ್ ಮುಚ್ಚುವ ಮುಂಚೆ ಒಂದರ್ಧ ಗಂಟೆ ಫ್ಯಾನಿನ ಗಾಳಿಗಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೊಂದರೆ ತಿರುಗಾಮುರುಗಾ: ರೀಡ್ ಒಣಗಿ ತುದಿ ಸುರುಳಿಯಾಗುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿಕೊಂಡಿರುವ ಅಮೆರಿಕದ ಮನೆಗಳಲ್ಲೂ ಹೀಗೇ. ಅಲ್ಲಿ ತೇವ ಕಾಯುವ ಪೊಟ್ಟಣವನ್ನು ಕೇಸಿನೊಳಗೆ ಇಡುವುದು ಒಳ್ಳೆಯದು. 72 ಪರ್ಸೆಂಟ್ ತೇವಕ್ಕೆ ಹೊಂದಿಸಿದವು ಸಿಗುತ್ತವೆ.

ವಾರಕ್ಕೊಮ್ಮೆ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ ಚೆನ್ನಾಗಿ ತೊಳೆದರೆ ರೀಡ್ ಶುಚಿಯಾಗಿರುತ್ತದೆ. ಬೇಕಾದದ್ದು 3 ಪರ್ಸೆಂಟ್. ಮೆಡಿಕಲ್ ಶಾಪಿನ ಬಾಟಲಿ 6 ಪರ್ಸೆಂಟಿನದಾಗಿದ್ದರೆ ಅಷ್ಟೇ ನೀರು ಬೆರೆಸಿ. ಕಣ್ಣಿಗೆ ಕಾಣುವ ಬೂಷ್ಟು ಬಂದಿದ್ದರೆ ತೊಳೆಯುತ್ತಾ ಕೂರಬೇಡಿ, ಎಸೆದು ಮೌತ್‌ಪೀಸನ್ನೂ ನೆಕ್ಕನ್ನೂ ತೊಳೆಯಿರಿ. ಸ್ಯಾಕ್ಸೋಫೋನಿನ ಒಳಗೆ ಬೆಳೆದ ಫಂಗಸ್ಸಿನಿಂದ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ಬಂದ ಪ್ರಕರಣ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಊದುವಾಗ ಒಣ ಕೆಮ್ಮು ಬಿಡದೆ ಕಾಡಿದರೆ ವೈದ್ಯರಿಗೆ ವಾದ್ಯದ ವಿಷಯವನ್ನೂ ಹೇಳಿ.

ತುದಿ ಚೂರು ಒಡೆದಿದ್ದರೆ, ನಡು ಭಾಗ ಬೂದು ಬಣ್ಣಕ್ಕೆ ತಿರುಗಿದ್ದರೆ, ನೆನೆಸಿದ ಎರಡೇ ನಿಮಿಷಕ್ಕೆ ತುದಿ ಒದ್ದೆ ಕಾಗದದಂತೆ ಜೋತುಬಿದ್ದರೆ ಆ ರೀಡಿನ ಕಾಲ ಮುಗಿಯಿತು. ಅದನ್ನು ಉಜ್ಜುವ ಅಭ್ಯಾಸಕ್ಕೆ ಇಟ್ಟುಕೊಳ್ಳಿ. 9ನೇ ಹಂತವನ್ನು ಮೊದಲ ಸಲ ಮಾಡುವಾಗ ಹೊಸ ರೀಡಿನ ಮೇಲೆ ಮಾಡುವ ಬದಲು ಇಂಥದ್ದರ ಮೇಲೆ ಮಾಡಿದರೆ ಎಷ್ಟು ಎಳೆತಕ್ಕೆ ಎಷ್ಟು ಬದಲಾಗುತ್ತದೆ ಅನ್ನುವುದು ಕೈಗೆ ಗೊತ್ತಾಗುತ್ತದೆ.